ಹದಿಮೂರನೆಯ ಅಕ್ಷಾಂಶದ ಸೂರ್ಯೋದಯ: ದೇಶಾಂತರ, ಚರ ಮತ್ತು ಶಾಸನಗಳ ತಿಥಿನಿರ್ಣಯ

1

ಶಾಸನಗಳ ಕಾಲವನ್ನು ಚರ್ಚಿಸುವ ಟಿಪ್ಪಣಿಗಳಲ್ಲಿ ಒಂದು ಬಗೆಯ ಸಮಾಧಾನ ಆಗಾಗ ಎದುರಾಗುತ್ತದೆ. ಶಕವರ್ಷ, ಮಾಸ, ಪಕ್ಷಗಳು ಹೊಂದುತ್ತವೆ. ತಿಥಿಗೂ ವಾರಕ್ಕೂ ಮಾತ್ರ ಒಂದು ದಿನದ ಅಂತರ ಬೀಳುತ್ತದೆ. ಆಗ ಸಂಪಾದಕರು ಸ್ಥಳೀಯ ಸೂರ್ಯೋದಯದ ವ್ಯತ್ಯಾಸದಿಂದ ಹೀಗಾಗಿರಬಹುದೆಂದು ಸೂಚಿಸಿ ಮುಂದೆ ಸಾಗುತ್ತಾರೆ. ಇದಕ್ಕೆ ತದ್ವಿರುದ್ಧವಾದ ನಿಲುವೂ ಉಂಟು. ಅದೇ ಒಂದು ದಿನದ ಅಂತರವನ್ನು ಕಂಡು ಶಾಸನವನ್ನು ಅಸಂಗತವೆಂದೂ ಕೆಲವೊಮ್ಮೆ ಕೂಟಶಾಸನವೆಂದೂ ಬದಿಗಿಡಲಾಗುತ್ತದೆ. ಒಂದು ಊರಿನ ಸೂರ್ಯೋದಯವು ಕೋಷ್ಟಕದ ಸೂರ್ಯೋದಯಕ್ಕಿಂತ ಎಷ್ಟು ಹಿಂದೆ ಅಥವಾ ಮುಂದೆ ಇರಬಲ್ಲದೆಂಬುದನ್ನು ಲೆಕ್ಕಹಾಕಿ ನೋಡದೆಯೇ ಈ ಎರಡೂ ತೀರ್ಮಾನಗಳಿಗೆ ಬರುವುದು ಸಾಮಾನ್ಯವಾಗಿದೆ.

ಲೆಕ್ಕ ಕಷ್ಟದ್ದೇನೂ ಅಲ್ಲ. ಅದಕ್ಕೆ ಬೇಕಾದ ಪದಗಳೆಲ್ಲ ನಮ್ಮ ಪಂಚಾಂಗಗಳಲ್ಲಿ ಇಂದಿಗೂ ಉಳಿದಿವೆ. ಆದರೆ ಆ ಪದಗಳ ಹಿಂದಿರುವ ಗೋಳಗಣಿತವು ಕನ್ನಡ ವಿಭಾಗಗಳ ಶಾಸನಶಾಸ್ತ್ರದ ಪಾಠದಿಂದ ಹೆಚ್ಚುಕಡಿಮೆ ಜಾರಿಹೋಗಿದೆ. ಪ್ರಸ್ತುತ ಲೇಖನದಲ್ಲಿ ಒಂದು ನಿರ್ದಿಷ್ಟ ಸ್ಥಳವನ್ನು ಇಟ್ಟುಕೊಂಡು ಆ ಲೆಕ್ಕವನ್ನು ಮಾಡಿ ತೋರಿಸಲಾಗಿದೆ. ಸ್ಥಳ ಬೆಂಗಳೂರು ದಂಡುಪ್ರದೇಶದ ರಿಚರ್ಡ್ಸ್ ಟೌನ್. ಇದನ್ನು ಆರಿಸಿದ್ದಕ್ಕೆ ಕಾರಣ ಸರಳವಾಗಿದೆ. ಉತ್ತರ ಅಕ್ಷಾಂಶ 13ರ ವೃತ್ತವು ಈ ಬಡಾವಣೆಯ ಮಗ್ಗುಲಲ್ಲೇ ಹಾದುಹೋಗುತ್ತದೆ. ರಿಚರ್ಡ್ಸ್ ಪಾರ್ಕಿನಲ್ಲಿ ನಿಂತವರು ಆ ವೃತ್ತದಿಂದ ಒಂದು ಕಿಲೋಮೀಟರಿನೊಳಗೇ ಇರುತ್ತಾರೆ. ರೇಖಾಂಶ ಪೂರ್ವ 77 ಅಂಶ 37 ಕಲೆ. ಹಲಸೂರು, ದೊಮ್ಮಲೂರು, ಅಗರ, ಹೆಬ್ಬಾಳ, ಕೃಷ್ಣರಾಜಪುರ ಮುಂತಾದ ಶಾಸನಸ್ಥಳಗಳೆಲ್ಲ ಇಲ್ಲಿಂದ ಸುಮಾರು ಹತ್ತು ಕಿಲೋಮೀಟರುಗಳ ಆಸುಪಾಸಿನಲ್ಲಿವೆ. ಅಷ್ಟು ದೂರಕ್ಕೆ ಸೂರ್ಯೋದಯದ ವ್ಯತ್ಯಾಸ ಅರ್ಧ ನಿಮಿಷವನ್ನು ಮೀರುವುದು ಅಪರೂಪ. ಆದ್ದರಿಂದ ಇಲ್ಲಿ ದೊರೆಯುವ ಅಂಕಿಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಸುತ್ತಣ ಶಾಸನಗಳಿಗೆ ನೇರವಾಗಿ ಬಳಸಬಹುದು.

2

ಮೊದಲು ದೇಶಾಂತರವನ್ನು ಗಮನಿಸಬೇಕು. ಇಂದಿನ ಕನ್ನಡದಲ್ಲಿ ಈ ಪದಕ್ಕೆ ಊರುಬಿಟ್ಟು ಹೋಗುವುದು, ಪರದೇಶದ ಪಾಲಾಗುವುದು ಎಂಬ ಅರ್ಥವೇ ಮುಂದು. ಶಾಲೆಯ ಭೂಗೋಳವು ರೇಖಾಂಶ ಎಂಬ ಪದವನ್ನು ನೆಲೆಗೊಳಿಸಿದ ಮೇಲೆ ದೇಶಾಂತರದ ಶಾಸ್ತ್ರೀಯ ಅರ್ಥ ಪಂಚಾಂಗದ ಮುನ್ನುಡಿಯಲ್ಲಿ ಮಾತ್ರ ಉಳಿಯಿತು. ಜ್ಯೋತಿಷ ಸಿದ್ಧಾಂತಗಳಲ್ಲಿ ದೇಶಾಂತರವೆಂದರೆ ಮಧ್ಯರೇಖೆಗೂ ನಮ್ಮ ಊರಿಗೂ ಪೂರ್ವ-ಪಶ್ಚಿಮವಾಗಿ ಇರುವ ಅಂತರ, ಮತ್ತು ಆ ಅಂತರದಿಂದ ಉಂಟಾಗುವ ಕಾಲಭೇದ. ಎರಡೂ ಅರ್ಥಗಳು ಒಂದೇ ಪದದಲ್ಲಿ ಸೇರಿರುವುದು ಆಕಸ್ಮಿಕವಲ್ಲ. ದುಂಡಗಿನ ಭೂಮಿಯ ಮೇಲೆ ಪೂರ್ವ-ಪಶ್ಚಿಮ ದೂರವೂ ಕಾಲವೂ ಒಂದೇ ಪ್ರಮಾಣದ ಎರಡು ಮುಖಗಳು.

ಸೂರ್ಯಸಿದ್ಧಾಂತದ ಮಧ್ಯರೇಖೆ ಲಂಕೆಯಿಂದ ಮೇರುವಿಗೆ ಅವಂತಿ, ರೋಹೀತಕ ಮುಂತಾದ ಸ್ಥಳಗಳ ಮೂಲಕ ಹಾಯುತ್ತದೆ. ಇಲ್ಲಿ ಲಂಕೆಯೆಂದರೆ ವಿಷುವದ್ರೇಖೆಯ ಮೇಲಿನ ಒಂದು ಕಲ್ಪಿತ ಬಿಂದು, ಇಂದಿನ ಶ್ರೀಲಂಕೆಯಲ್ಲ. ಅವಂತಿಯೆಂದರೆ ಉಜ್ಜಯಿನಿ, ಅದರ ರೇಖಾಂಶ ಸುಮಾರು 75 ಅಂಶ 46 ಕಲೆ. ರಿಚರ್ಡ್ಸ್ ಟೌನ್ ಅಲ್ಲಿಂದ 1 ಅಂಶ 51 ಕಲೆ ಪೂರ್ವಕ್ಕಿದೆ. ಭೂಮಿ ಒಂದು ಅಂಶ ತಿರುಗಲು ನಾಲ್ಕು ನಿಮಿಷ ಬೇಕಾದುದರಿಂದ ಕಾಲಭೇದ 7 ನಿಮಿಷ 24 ಸೆಕೆಂಡು, ಅಂದರೆ ಹದಿನೆಂಟೂವರೆ ವಿಘಳಿಗೆ. ಸೂರ್ಯ ಉಜ್ಜಯಿನಿಯ ಮಧ್ಯರೇಖೆಯನ್ನು ದಾಟುವುದಕ್ಕಿಂತ ಅಷ್ಟು ಮೊದಲು ನಮ್ಮ ರೇಖೆಯನ್ನು ದಾಟುತ್ತಾನೆ.

ಪ್ರಾಚೀನರಿಗೆ ರೇಖಾಂಶವನ್ನು ನೇರವಾಗಿ ಓದಿಕೊಳ್ಳುವ ಸೌಕರ್ಯವಿರಲಿಲ್ಲ. ಅವರು ಯೋಜನಗಳಲ್ಲಿ ಲೆಕ್ಕಹಾಕಿದರು. ಆ ಲೆಕ್ಕದ ಸೊಗಸು ಇರುವುದು ಸ್ಫುಟಪರಿಧಿ ಎಂಬ ಕಲ್ಪನೆಯಲ್ಲಿ. ವಿಷುವದ್ರೇಖೆಯ ಮೇಲೆ ಭೂಮಿಯ ಸುತ್ತಳತೆ ಪೂರ್ಣವಾಗಿರುತ್ತದೆ. ಉತ್ತರಕ್ಕೆ ಸರಿದಂತೆ ಪೂರ್ವ-ಪಶ್ಚಿಮ ವೃತ್ತ ಕಿರಿದಾಗುತ್ತ ಮೇರುವಿನಲ್ಲಿ ಬಿಂದುವಾಗುತ್ತದೆ. ಎಷ್ಟು ಕಿರಿದಾಗುತ್ತದೆಂಬುದನ್ನು ಲಂಬಜ್ಯೆ ಹೇಳುತ್ತದೆ. ಅಕ್ಷಾಂಶದ ಜ್ಯೆ ಅಕ್ಷಜ್ಯೆಯಾದರೆ ಅದರ ಕೋಟಿಜ್ಯೆಯೇ ಲಂಬಜ್ಯೆ. ಸೂರ್ಯಸಿದ್ಧಾಂತದ ಪ್ರಕಾರ ಭೂವ್ಯಾಸ 1600 ಯೋಜನ. ಪರಿಧಿಯನ್ನು ಪಡೆಯಲು ಅದನ್ನು ಹತ್ತರ ವರ್ಗಮೂಲದಿಂದ ಗುಣಿಸಬೇಕು. ಆಗ 5060 ಯೋಜನಗಳಿಗೆ ತುಸು ಕಡಿಮೆ ಬರುತ್ತದೆ. ಇದನ್ನು ಲಂಬಜ್ಯೆಯಿಂದ ಗುಣಿಸಿ ತ್ರಿಜ್ಯೆಯಿಂದ ಭಾಗಿಸಿದರೆ ಸ್ಫುಟಪರಿಧಿ. ತ್ರಿಜ್ಯೆ 3438 ಆಗಿರುವಾಗ ಹದಿಮೂರು ಅಂಶದ ಲಂಬಜ್ಯೆ 3350. ಹಾಗಾಗಿ ರಿಚರ್ಡ್ಸ್ ಟೌನಿನ ಮಗ್ಗುಲ ವೃತ್ತದ ಸುತ್ತಳತೆ ಸುಮಾರು 4930 ಯೋಜನ. ಇಂದಿನ ಅಳತೆಯಲ್ಲಿ 40,075 ಕಿ.ಮೀ.ಗೆ ಬದಲಾಗಿ ಸುಮಾರು 39,050 ಕಿ.ಮೀ. ಇಲ್ಲಿ ಒಂದು ರೇಖಾಂಶ 108 ಕಿ.ಮೀ. ಮತ್ತು ಮೇಲೆ ಅರ್ಧ. ಒಂದು ನಿಮಿಷದ ಕಾಲಕ್ಕೆ 27 ಕಿ.ಮೀ. ನಮ್ಮ ರೇಖೆಗೂ ಉಜ್ಜಯಿನಿಯ ರೇಖೆಗೂ ಈ ವೃತ್ತದ ಮೇಲೆ ಇರುವ ಅಂತರ ಸುಮಾರು 200 ಕಿ.ಮೀ.

ಇಷ್ಟು ಸಿಕ್ಕಮೇಲೆ ಉಳಿದದ್ದು ತ್ರೈರಾಶಿಕ. ಸ್ಫುಟಪರಿಧಿಯ ಒಂದು ಸುತ್ತಿಗೆ ಅರವತ್ತು ಘಳಿಗೆಯಾದರೆ ಇಷ್ಟು ಯೋಜನಕ್ಕೆ ಎಷ್ಟು? ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಬರೆದವನು. ಅದಕ್ಕೂ ಮುಂಚೆ 1049ರಲ್ಲಿ ಶ್ರೀಧರಾಚಾರ್ಯ ಜಾತಕತಿಲಕವನ್ನು ರಚಿಸಿದ್ದ. ತ್ರೈರಾಶಿಕ ಬಲ್ಲ ಕನ್ನಡ ಓದುಗನಿಗೆ ದೇಶಾಂತರದಲ್ಲಿ ಹೊಸದಾಗಿ ಕಲಿಯಬೇಕಾದದ್ದು ಜ್ಯೆಯೊಂದೇ ಎಂಬುದನ್ನು ಇಲ್ಲಿ ನೆನೆಯಬೇಕು.

ಆದರೆ ಯೋಜನಗಳನ್ನು ಅಳೆಯುವವರು ಯಾರು? ಕಾಡು, ನದಿ, ಗುಡ್ಡಗಳನ್ನು ಸುತ್ತಿ ಬರುವ ದಾರಿಯ ಉದ್ದದಿಂದ ನೇರ ಪೂರ್ವ-ಪಶ್ಚಿಮ ಅಂತರ ತಿಳಿಯದು. ಸೂರ್ಯಸಿದ್ಧಾಂತ ಇದನ್ನು ಅರಿತಿತ್ತೆಂದೇ ತೋರುತ್ತದೆ. ಅದು ಚಂದ್ರಗ್ರಹಣವನ್ನು ನೋಡಲು ಹೇಳುತ್ತದೆ. ಚಂದ್ರಗ್ರಹಣ ಎಲ್ಲರಿಗೂ ಒಂದೇ ಕ್ಷಣದಲ್ಲಿ ನಡೆಯುತ್ತದೆ. ಊರೂರಿಗೆ ಬೇರೆಯಾಗುವುದು ಘಳಿಗೆ ಬಟ್ಟಲಿನ ಎಣಿಕೆ ಮಾತ್ರ. ಮಧ್ಯರೇಖೆಗೆಂದು ಗಣಿಸಿದ ಕಾಲಕ್ಕಿಂತ ತಡವಾಗಿ ಕಂಡರೆ ನಮ್ಮ ಊರು ಪೂರ್ವಕ್ಕಿದೆ, ಬೇಗ ಕಂಡರೆ ಪಶ್ಚಿಮಕ್ಕಿದೆ. ತಿಥಿಯ ವಿಚಾರದಲ್ಲಿಯೂ ಇದೇ ಮಾತು ಮುಖ್ಯ. ಚಂದ್ರ-ಸೂರ್ಯರ ಅಂತರ ಹನ್ನೆರಡು ಅಂಶ ಹೆಚ್ಚಿದಾಗ ಒಂದು ತಿಥಿ ಮುಗಿಯುತ್ತದೆ. ಆ ಕ್ಷಣ ಭೂಮಿಗೆಲ್ಲ ಒಂದೇ. ಊರಿಂದ ಊರಿಗೆ ಬದಲಾಗುವುದು ಸೂರ್ಯೋದಯ.

ಉಜ್ಜಯಿನಿಯ ರೇಖೆ ಕರ್ನಾಟಕದೊಳಗೆ ಎಲ್ಲಿ ಹಾಯುತ್ತದೆಂಬುದನ್ನು ನಮ್ಮಲ್ಲಿ ಹೆಚ್ಚು ಜನ ಗಮನಿಸಿದಂತಿಲ್ಲ. ಚಿಕ್ಕಮಗಳೂರು ಆ ರೇಖೆಯ ಮೇಲೆಯೇ ಇದೆ. ವಿಜಯಪುರ, ಬಾಗಲಕೋಟೆ, ಗದಗಗಳು ಅದರ ಮಗ್ಗುಲಲ್ಲಿವೆ. ಅಂದರೆ ಕಲ್ಯಾಣ ಚಾಳುಕ್ಯರ ಶಾಸನಗಳು ದಟ್ಟವಾಗಿ ದೊರೆಯುವ ಆ ಭಾಗಕ್ಕೆ ದೇಶಾಂತರ ಸಂಸ್ಕಾರ ಇಲ್ಲವೆಂದರೂ ನಡೆಯುತ್ತದೆ. ಕರಾವಳಿಗೆ ಬಂದರೆ ಚಿಹ್ನೆಯೇ ತಿರುಗುತ್ತದೆ. ಕಾರವಾರ ಉಜ್ಜಯಿನಿಗಿಂತ ಆರೂವರೆ ನಿಮಿಷ ಹಿಂದೆ, ಬೆಂಗಳೂರು ಏಳೂವರೆ ನಿಮಿಷ ಮುಂದೆ.

3

ದೇಶಾಂತರ ಪಂಚಾಂಗದ ಮಾತು, ಭೂಮಾಪನ ಬೇರೆ ವಿದ್ಯೆ ಎಂಬ ಭಾವನೆ ಇರುವವರಿಗೆ ಬೆಂಗಳೂರಿನದೇ ಒಂದು ಪ್ರಸಂಗವನ್ನು ತೋರಿಸಬಹುದು. ಶ್ರೀರಂಗಪಟ್ಟಣದ ಪತನದ ತರುವಾಯ ವಿಲಿಯಂ ಲ್ಯಾಂಬ್ಟನ್ ದಕ್ಷಿಣ ಭಾರತವನ್ನು ತ್ರಿಕೋನಗಳಿಂದ ಅಳೆಯುವ ಯೋಜನೆಯನ್ನು ಮುಂದಿಟ್ಟ. 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆಯಲಾಯಿತು. 1802ರಲ್ಲಿ ಮದರಾಸಿನ ಬಳಿ ಇನ್ನೊಂದು. ಮದರಾಸಿನಿಂದ ತ್ರಿಕೋನಗಳ ಸರಪಳಿ ಬೆಂಗಳೂರನ್ನು ಮುಟ್ಟಿದ ಮೇಲೆ, ಲೆಕ್ಕ ಸರಿಯೇ ಎಂದು ಒರೆಹಚ್ಚಿ ನೋಡಲು 1804ರಲ್ಲಿ ಮತ್ತೆ ಇಲ್ಲಿ ಒಂದು ರೇಖೆಯನ್ನು ನೆಲದ ಮೇಲೆ ಸರಪಣಿಯಿಂದ ಅಳೆದರು. ಏಳು ಮೈಲಿಗೂ ಮೀರಿದ ಆ ರೇಖೆಯ ಅಳೆದ ಉದ್ದಕ್ಕೂ, ಮದರಾಸಿನಿಂದ ತ್ರಿಕೋನಗಳ ಮೂಲಕ ಗಣಿಸಿ ಬಂದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಆಗ ರಿಚರ್ಡ್ಸ್ ಟೌನ್ ಇರಲಿಲ್ಲ. ದಂಡುಪ್ರದೇಶವೇ ನೆಲೆಗೊಂಡದ್ದು 1809ರ ಸುಮಾರಿಗೆ.

ಇಷ್ಟು ನಿಖರತೆ ಸಮತಲದ ಜ್ಯಾಮಿತಿಯಿಂದ ಬರುವುದಿಲ್ಲ. ಗೋಳದ ಮೇಲೆ ಎಳೆದ ತ್ರಿಕೋನದ ಮೂರು ಕೋನಗಳ ಮೊತ್ತ 180 ಅಂಶಗಳಿಗಿಂತ ತುಸು ಹೆಚ್ಚು. ಸುಮಾರು 197 ಚದರ ಕಿಲೋಮೀಟರಿಗೆ ಒಂದು ವಿಕಲೆಯಂತೆ ಹೆಚ್ಚಳ. ಐವತ್ತು ಕಿಲೋಮೀಟರ್ ಭುಜಗಳ ಸಮಬಾಹು ತ್ರಿಕೋನದಲ್ಲಿ ಅದು ಐದೂವರೆ ವಿಕಲೆ. ಅರ್ಧ ಟನ್ ತೂಕದ ಥಿಯೊಡೊಲೈಟ್ ಹೊತ್ತು ಬೆಟ್ಟ ಹತ್ತಿದವರಿಗೆ ಇದನ್ನು ಬಿಟ್ಟುಬಿಡುವಂತಿರಲಿಲ್ಲ. ಆ ಮೇಲೆ 1868ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆಯಲಾಯಿತು. ಅದರ ಒಂದು ತುದಿ ಇಂದಿನ ಮೇಖ್ರಿ ವೃತ್ತದಲ್ಲಿ, ಇನ್ನೊಂದು ಈಶಾನ್ಯದ ಕಣ್ಣೂರಿನಲ್ಲಿ.

ಕನ್ನಡ ಅಧ್ಯಯನದ ದೃಷ್ಟಿಯಿಂದ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು 1804ರ ರೇಖೆಯನ್ನು ಅಳೆದ ಅಧಿಕಾರಿ. ಆತ ಜಾನ್ ವಾರನ್. ಕೋಲಾರ ಸೀಮೆಯ ಚಿನ್ನದ ನೆಲೆಗಳನ್ನು ಗುರುತಿಸಿ ಬರೆದವನೆಂದು ನಮಗೆ ಪರಿಚಿತ. ಮುಂದೆ ಮದರಾಸು ವೀಕ್ಷಣಾಲಯದ ಹೊಣೆ ಹೊತ್ತ ಈತ 1825ರಲ್ಲಿ ಕಾಲಸಂಕಲಿತ ಎಂಬ ದೊಡ್ಡ ಗ್ರಂಥವನ್ನು ಪ್ರಕಟಿಸಿದ. ದಕ್ಷಿಣ ಭಾರತೀಯರು ಕಾಲವನ್ನು ವಿಭಾಗಿಸುವ ಬಗೆಗಳನ್ನು, ಪಂಚಾಂಗ ಗಣಿಸುವ ಕ್ರಮಗಳನ್ನು ಅದು ವಿವರಿಸುತ್ತದೆ. ಪುದುಚೇರಿಯಲ್ಲಿ ಪಂಚಾಂಗದವನೊಬ್ಬ ಚಿಪ್ಪುಗಳನ್ನು ನೆಲದ ಮೇಲೆ ಜೋಡಿಸುತ್ತ, ಬಾಯಿಪಾಠದ ಸೂತ್ರಗಳಿಂದಲೇ ಚಂದ್ರಗ್ರಹಣವನ್ನು ಗಣಿಸಿ ತೋರಿಸಿದ್ದನ್ನು ವಾರನ್ ದಾಖಲಿಸಿದ್ದಾನೆ. ಸರಪಣಿ ಹಿಡಿದು ಬೆಂಗಳೂರಿನ ನೆಲವನ್ನು ಅಳೆದವನೇ ಪಂಚಾಂಗದ ಲೆಕ್ಕಕ್ಕೂ ಮನಸ್ಸು ಕೊಟ್ಟದ್ದು ಗಮನಾರ್ಹ. ಎರಡೂ ಕಡೆ ಗಣಿತ ಒಂದೇ ಆಗಿತ್ತೆಂಬುದು ಅವನಿಗೆ ಕಾಣದೆ ಇದ್ದಿರಲಾರದು.

4

ದೇಶಾಂತರಕ್ಕಿಂತ ಹೆಚ್ಚು ತೂಕವುಳ್ಳದ್ದು ಚರ. ದೇಶಾಂತರ ವರ್ಷವಿಡೀ ಒಂದೇ. ಚರ ಋತುವಿನೊಡನೆ ಬದಲಾಗುತ್ತದೆ. ವಿಷುವದ್ರೇಖೆಯ ಮೇಲೆ ಹಗಲಿರುಳು ಸದಾ ಸಮ. ಉತ್ತರದ ಊರುಗಳಲ್ಲಿ ಬೇಸಿಗೆಯ ಹಗಲು ಬೆಳೆಯುತ್ತದೆ, ಚಳಿಗಾಲದ ಹಗಲು ಕುಗ್ಗುತ್ತದೆ. ಹೀಗೆ ಸೂರ್ಯೋದಯ ಮುಂದಕ್ಕೆ ಅಥವಾ ಹಿಂದಕ್ಕೆ ಸರಿಯುವ ಮೊತ್ತವೇ ಚರ. ಊರಿನ ಅಕ್ಷಾಂಶದ ಸ್ಪರ್ಶಜ್ಯೆಯನ್ನು ಸೂರ್ಯನ ಕ್ರಾಂತಿಯ ಸ್ಪರ್ಶಜ್ಯೆಯಿಂದ ಗುಣಿಸಿದರೆ ಚರಜ್ಯೆ ಬರುತ್ತದೆಂದು ಇಂದು ಹೇಳುತ್ತೇವೆ. ನಮ್ಮ ಅಕ್ಷಾಂಶಕ್ಕೆ ಆ ಮೊದಲ ಸಂಖ್ಯೆ 0.2309, ಜೂನ್ 21ರ ಪರಮಕ್ರಾಂತಿಗೆ ಎರಡನೆಯದು 0.4336. ಗುಣಲಬ್ಧ 0.1001, ಅದಕ್ಕೆ ಸಂವಾದಿಯಾದ ಚಾಪ 5 ಅಂಶ 45 ಕಲೆ, ಕಾಲದಲ್ಲಿ 23 ನಿಮಿಷ. ಬೆಳಗ್ಗೆ ಇಷ್ಟು, ಸಂಜೆ ಇಷ್ಟು ಸೇರಿ ಹಗಲು 12 ಗಂಟೆ 46 ನಿಮಿಷ. ವಾಯುಮಂಡಲದ ವಕ್ರೀಭವನದಿಂದಲೂ ಬಿಂಬದ ಮೇಲಂಚನ್ನೇ ಉದಯವೆಂದು ಎಣಿಸುವುದರಿಂದಲೂ ಇನ್ನು ಏಳೆಂಟು ನಿಮಿಷ ಕೂಡುತ್ತದೆ. ದಿನಪತ್ರಿಕೆಯ ಸೂರ್ಯೋದಯ-ಸೂರ್ಯಾಸ್ತದ ಅಂಕಿಗಳಿಗೆ ಇದು ತಾಳೆಯಾಗುತ್ತದೆ.

ಕರಣಗ್ರಂಥಗಳು ಇದನ್ನೇ ಕೋಲು ಮತ್ತು ನೆರಳಿನಿಂದ ಮಾಡುತ್ತವೆ. ಹನ್ನೆರಡು ಅಂಗುಲದ ಶಂಕುವನ್ನು ನೆಟ್ಟು ವಿಷುವದ್ದಿನದ ನಡುಹಗಲಿನಲ್ಲಿ ಅದರ ನೆರಳನ್ನು ಅಳೆದರೆ ಅದು ಪಲಭೆ. ಹದಿಮೂರು ಅಂಶಕ್ಕೆ ಪಲಭೆ 2.77 ಅಂಗುಲ. ಅದನ್ನು ಮೂರು ಕಡೆ ಇಟ್ಟು ಕ್ರಮವಾಗಿ 10, 8 ಮತ್ತು ಮೂರನೆಯ ಒಂದು ಪಾಲು ಹತ್ತರಿಂದ ಗುಣಿಸಿದರೆ ಮೇಷ, ವೃಷಭ, ಮಿಥುನಗಳ ಚರಖಂಡಗಳು ವಿಘಳಿಗೆಗಳಲ್ಲಿ ಸಿಗುತ್ತವೆ: 27.7, 22.2, 9.2. ಮೊತ್ತ 59 ವಿಘಳಿಗೆ ಮತ್ತು ಚಿಲ್ಲರೆ, ಅಂದರೆ 23 ನಿಮಿಷ 38 ಸೆಕೆಂಡು. ನಮ್ಮ ಆಧುನಿಕ ಲೆಕ್ಕಕ್ಕಿಂತ ಸುಮಾರು ನಲವತ್ತು ಸೆಕೆಂಡು ಹೆಚ್ಚು. ಈ ಹೆಚ್ಚಳವೂ ಸೂತ್ರದ ತಪ್ಪಲ್ಲ. ಪ್ರಾಚೀನರು ಪರಮಕ್ರಾಂತಿಯನ್ನು 24 ಅಂಶವೆಂದು ಇಟ್ಟುಕೊಂಡಿದ್ದರು. ಅದನ್ನೇ ಇಟ್ಟು ಸ್ಪರ್ಶಜ್ಯೆಗಳಿಂದ ಲೆಕ್ಕಹಾಕಿದರೆ ಉತ್ತರ 59 ವಿಘಳಿಗೆಯೇ ಬರುತ್ತದೆ. ಮೂರು ಗುಣಕಗಳಲ್ಲಿ ಗೋಳತ್ರಿಕೋನವನ್ನು ಅಡಗಿಸಿಟ್ಟ ಈ ಜಾಣ್ಮೆಯನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳಿಗೆ ತೋರಿಸದೆ ಬಿಡಬಾರದು.

ಪಲಭೆಯನ್ನು ಅಳೆದು ನೋಡಲು ಸಲಕರಣೆಗಳ ಅಗತ್ಯವಿಲ್ಲ. ಮಾರ್ಚ್ 20ರ ಆಸುಪಾಸಿನಲ್ಲಿ ಕಾಲೇಜಿನ ಅಂಗಳದಲ್ಲಿ ಹನ್ನೆರಡು ಇಂಚಿನ ಕಡ್ಡಿ ನೆಟ್ಟರೆ ಸಾಕು. ಆದರೆ ಗಡಿಯಾರದ ಹನ್ನೆರಡಕ್ಕೆ ಅಳೆಯಬಾರದು. 1906ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ಪ್ರಮಾಣ ಕಾಲವು ಎಂಬತ್ತೆರಡೂವರೆ ರೇಖಾಂಶದ ಕಾಲ. ನಾವು ಅಲ್ಲಿಂದ 4 ಅಂಶ 53 ಕಲೆ ಪಶ್ಚಿಮಕ್ಕಿದ್ದೇವೆ. ಅದರ ಫಲವಾಗಿ ಇಲ್ಲಿನ ಸರಾಸರಿ ಮಧ್ಯಾಹ್ನ ಗಡಿಯಾರದ 12 ಗಂಟೆ ಹತ್ತೊಂಬತ್ತೂವರೆ ನಿಮಿಷಕ್ಕೆ. ಸೂರ್ಯನ ನಡಿಗೆ ವರ್ಷವಿಡೀ ಸಮನಲ್ಲದ ಕಾರಣ ನಿಜವಾದ ನಡುಹಗಲು ಫೆಬ್ರವರಿಯ ನಡುವೆ 12:34ರವರೆಗೆ ತಡವಾಗುತ್ತದೆ, ನವೆಂಬರ್ ಮೊದಲಲ್ಲಿ 12:03ಕ್ಕೆ ಹಿಂದೆಬರುತ್ತದೆ. ಮಾರ್ಚ್ 20ರಂದು 12:27. ಇದರ ಹಿಂದಿನ ವ್ಯವಸ್ಥೆಯೂ ಉಲ್ಲೇಖಾರ್ಹ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರೈಲ್ವೆಯವರು ಮದರಾಸು ಕಾಲವನ್ನು ಅನುಸರಿಸುತ್ತಿದ್ದರು. ದಂಡು ನಿಲ್ದಾಣದ ಗಡಿಯಾರ ಊರಿನ ಸೂರ್ಯನಿಗಿಂತ ಹತ್ತೂವರೆ ನಿಮಿಷ ಮುಂದಿತ್ತು. ಆ ಕಾಲದ ದಿನಚರಿ, ಪತ್ರಗಳನ್ನು ಸಂಪಾದಿಸುವವರು ಯಾವ ಗಡಿಯಾರವೆಂದು ಕೇಳಿಕೊಳ್ಳುವುದು ಒಳ್ಳೆಯದು.

5

ದೂರದ ಲೆಕ್ಕಕ್ಕೂ ಇವೇ ಪದಗಳು ಸಾಕು. ಎರಡು ಊರುಗಳ ಅಕ್ಷಜ್ಯೆಗಳ ಗುಣಲಬ್ಧಕ್ಕೆ, ಅವುಗಳ ಲಂಬಜ್ಯೆಗಳ ಗುಣಲಬ್ಧವನ್ನು ದೇಶಾಂತರದ ಕೋಟಿಜ್ಯೆಯಿಂದ ಗುಣಿಸಿ ಕೂಡಿದರೆ, ಅವುಗಳ ನಡುವಣ ಮಹಾವೃತ್ತ ಚಾಪದ ಕೋಟಿಜ್ಯೆ ದೊರೆಯುತ್ತದೆ. ಇಲ್ಲಿ ತ್ರಿಜ್ಯೆಯನ್ನು ಒಂದು ಎಂದು ಎಣಿಸಿದೆ. ಚಾಪದ ಪ್ರತಿ ಅಂಶಕ್ಕೆ 111.2 ಕಿ.ಮೀ. ಈ ರೀತಿ ಉಜ್ಜಯಿನಿಗೂ ರಿಚರ್ಡ್ಸ್ ಟೌನಿಗೂ ನೇರ ದೂರ ಸುಮಾರು 1150 ಕಿ.ಮೀ. ಅಷ್ಟು ದೂರದಲ್ಲಿ ಸಮತಲದ ನಕ್ಷೆ ಮೋಸ ಮಾಡುವುದು ಕಡಿಮೆ.

ಮೋಸ ಬಯಲಾಗುವುದು ದೂರ ಹೆಚ್ಚಿದಾಗ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಮಹಿಳಾ ಪೈಲಟ್‌ಗಳ ನೇತೃತ್ವದಲ್ಲಿ ಬಂದಿತು. ಉತ್ತರ ಧ್ರುವದ ಮೇಲೆ ಹಾದುಬಂದಿತೆಂದು ಪತ್ರಿಕೆಗಳು ವರದಿ ಮಾಡಿದವು. ಶಾಲೆಯ ಗೋಡೆಯ ನಕ್ಷೆಯಲ್ಲಿ ಎರಡೂ ಊರುಗಳ ನಡುವೆ ಗೆರೆ ಎಳೆದು ದಿಕ್ಕು ಬದಲಿಸದೆ ಹಾರಿದರೆ ಶಾಂತಸಾಗರವನ್ನು ದಾಟಿ ಸುಮಾರು 16,100 ಕಿ.ಮೀ. ಆಗುತ್ತದೆ. ಮಹಾವೃತ್ತದ ಮೇಲೆ 14,000 ಕಿ.ಮೀ.ಗೆ ತುಸು ಕಡಿಮೆ. ಆದರೆ ಆ ಮಹಾವೃತ್ತ ಧ್ರುವವನ್ನು ಮುಟ್ಟುವುದಿಲ್ಲ. ಅದರ ಅತ್ಯುಚ್ಚ ಅಕ್ಷಾಂಶ 71. ಧ್ರುವದ ಮೇಲಿನ ದಾರಿ ಅದಕ್ಕಿಂತ 375 ಕಿ.ಮೀ.ಯಷ್ಟು ಉದ್ದ. ಧ್ರುವದ ದಾರಿಯೇ ಅತಿ ಹತ್ತಿರದ್ದೆಂಬ ತಿಳಿವಳಿಕೆ ಈ ಜೋಡಿ ಊರುಗಳ ಮಟ್ಟಿಗೆ ಸರಿಯಲ್ಲ. ಗಾಳಿ ಅನುಕೂಲವಾಗಿದ್ದರೆ ಅಷ್ಟು ಸುತ್ತು ವಿಮಾನಕ್ಕೆ ಲಾಭವೇ ಆಗಬಹುದೆಂಬುದು ಬೇರೆ ಮಾತು.

ಈ ಉದಾಹರಣೆ ನಮ್ಮ ವಿಷಯಕ್ಕೆ ಹೊರಗಿನದಲ್ಲ. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಬೆಂಗಳೂರಿನ ಪಂಚಾಂಗವನ್ನು ತೆರೆದಾಗ ಏನಾಗುತ್ತದೆ? ಒಂದೇ ತಾರೀಖಿನ ಸೂರ್ಯೋದಯ ಅಲ್ಲಿ ಸರಾಸರಿ 13 ಗಂಟೆ 20 ನಿಮಿಷ ತಡ. ತಿಥಿಯ ಸರಾಸರಿ ಅವಧಿ 23 ಗಂಟೆ 37 ನಿಮಿಷ. ಹಾಗಾಗಿ ಅರ್ಧಕ್ಕಿಂತ ಹೆಚ್ಚು ಸಲ, ಇಲ್ಲಿ ಸೂರ್ಯೋದಯಕ್ಕಿದ್ದ ತಿಥಿ ಅಲ್ಲಿನ ಸೂರ್ಯೋದಯದ ಹೊತ್ತಿಗೆ ಮುಗಿದಿರುತ್ತದೆ. ಅಲ್ಲಿನ ಏಕಾದಶಿ ಇಲ್ಲಿಗಿಂತ ಒಂದು ತಾರೀಖು ಮೊದಲು ಬಂದರೆ ಅದು ಪಂಚಾಂಗದವರ ಜಗಳವಲ್ಲ, ದೇಶಾಂತರ. ಎರಡೂ ಅರ್ಥದಲ್ಲಿ.

6

ಈಗ ಶಾಸನಕ್ಕೆ ಮರಳಬಹುದು. ಬೆಂಗಳೂರಿನ ಅತಿ ಹಳೆಯ ಕೆಲವು ಬರಹಗಳಿಗೆ ಈ ಚರ್ಚೆ ಅನ್ವಯಿಸುವುದೇ ಇಲ್ಲ. ಹೆಬ್ಬಾಳದ ಕಿಟ್ಟಯ್ಯನ ಕಲ್ಲು, ಬೇಗೂರಿನ ವೀರಗಲ್ಲುಗಳಲ್ಲಿ ತಿಥಿ-ವಾರಗಳಿಲ್ಲ. ಅವುಗಳ ಕಾಲವನ್ನು ಅರಸರ ಹೆಸರು ಮತ್ತು ಲಿಪಿಯಿಂದ ನಿರ್ಧರಿಸಬೇಕು. ಪ್ರಶ್ನೆ ಏಳುವುದು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಹೇಳುವ ನಂತರದ ದಾನಶಾಸನಗಳಲ್ಲಿ. ಫ್ಲೀಟ್, ಕೀಲ್‌ಹಾರ್ನ್ ಅವರ ಕಾಲದಿಂದ ಇಂಥವನ್ನು ಸುಸಂಗತ, ಅಸಂಗತ ಎಂದು ವಿಂಗಡಿಸುವ ಪದ್ಧತಿ ಬೆಳೆದು ಬಂದಿದೆ. ನಾವು ಸಾಮಾನ್ಯವಾಗಿ ಬಳಸುವ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳಾಗಲಿ, ಸೀವೆಲ್ ಮತ್ತು ದೀಕ್ಷಿತರ 1896ರ ಗ್ರಂಥವಾಗಲಿ, ಪ್ರತಿಯೊಂದು ಊರಿನ ಸೂರ್ಯೋದಯಕ್ಕೆ ಬೇರೆ ಬೇರೆ ಅಂಕಿ ಕೊಡಲು ಸಾಧ್ಯವಿಲ್ಲ. ಇಂಥ ಕೋಷ್ಟಕಗಳು ಲಂಕಾ-ಉಜ್ಜಯಿನಿ ರೇಖೆಯ ಮಧ್ಯಮ ಸೂರ್ಯೋದಯವನ್ನು ಆಧಾರವಾಗಿಟ್ಟುಕೊಳ್ಳುತ್ತವೆ. ಅಲ್ಲಿಂದ ನಮ್ಮ ಊರಿಗೆ ಬರಲು ದೇಶಾಂತರ, ಚರ, ಮತ್ತು ಸೂರ್ಯನ ವಿಷಮಗತಿಯ ಸಂಸ್ಕಾರ ಎಂಬ ಮೂರನ್ನೂ ಕೂಡಬೇಕು.

ರಿಚರ್ಡ್ಸ್ ಟೌನಿಗೆ ಆ ಮೊತ್ತವನ್ನು ತಿಂಗಳು ತಿಂಗಳಿಗೆ ಹಾಕಿ ನೋಡಿದಾಗ ದೊರೆತ ಮಿತಿಗಳು ಹೀಗಿವೆ. ಜೂನ್ ಮೊದಲ ವಾರದಲ್ಲಿ ಚರ 21 ನಿಮಿಷ, ದೇಶಾಂತರ ಏಳೂವರೆ, ವಿಷಮಗತಿ ಎರಡು. ಒಟ್ಟು ಸುಮಾರು 31 ನಿಮಿಷ ಕೋಷ್ಟಕದ ಸೂರ್ಯೋದಯಕ್ಕಿಂತ ಮೊದಲು ಇಲ್ಲಿ ಸೂರ್ಯ ಹುಟ್ಟುತ್ತಾನೆ. ಜನವರಿ ಕೊನೆಯಲ್ಲಿ ಚರ 17 ನಿಮಿಷ ಮತ್ತು ವಿಷಮಗತಿ 13 ನಿಮಿಷ ಸೂರ್ಯೋದಯವನ್ನು ತಡಮಾಡುತ್ತವೆ. ದೇಶಾಂತರ ಅದರಲ್ಲಿ ಏಳೂವರೆಯನ್ನು ಕಳೆಯುತ್ತದೆ. ಉಳಿದ ತಡ ಸುಮಾರು 23 ನಿಮಿಷ. ವರ್ಷದ ಉಳಿದ ದಿನಗಳು ಈ ಎರಡರ ನಡುವೆ. ವಿಷಮಗತಿಯ ಅಂಕಿಗಳು ಇಂದಿನವು; ಮಧ್ಯಯುಗಕ್ಕೆ ಅವು ಕೆಲವು ನಿಮಿಷ ಸರಿಯುತ್ತವೆ. ಅರ್ಧ ಗಂಟೆಯ ಆಸುಪಾಸೆಂಬ ಮಿತಿ ಮಾತ್ರ ಕದಲುವುದಿಲ್ಲ. ಉತ್ತರಕ್ಕೆ ಹೋದಂತೆ ಚರ ಹೆಚ್ಚುತ್ತದೆ. ಬೀದರ್ ಹೆಚ್ಚುಕಡಿಮೆ ಬೆಂಗಳೂರಿನ ರೇಖೆಯ ಮೇಲೆಯೇ ಇದ್ದರೂ ಅಲ್ಲಿನ ಪರಮ ಚರ 32 ನಿಮಿಷ.

ಅರ್ಧ ಗಂಟೆ ಯಾವಾಗ ನಿರ್ಣಾಯಕವಾಗುತ್ತದೆ? ಒಂದು ಕಲ್ಪಿತ ನಿದರ್ಶನ: ಹಲಸೂರಿನ ಹತ್ತಿರದ ಒಂದು ಶಾಸನ ಜ್ಯೇಷ್ಠಮಾಸದ ಒಂದು ತಿಥಿಯನ್ನು ಸೋಮವಾರವೆಂದು ಹೇಳುತ್ತದೆನ್ನೋಣ. ಕೋಷ್ಟಕದಂತೆ ಆ ತಿಥಿ ಆದಿತ್ಯವಾರ ಬೆಳಗಿನ 5:40ಕ್ಕೆ ಮೊದಲಾಗಿ ಸೋಮವಾರ ಬೆಳಗಿನ 5:40ಕ್ಕೆ ಮುಗಿಯುತ್ತದೆ; ಕಾಲ ಉಜ್ಜಯಿನಿಯದು. ಮಧ್ಯಮ ಸೂರ್ಯೋದಯ ಆರು ಗಂಟೆಗೆ. ಆದಿತ್ಯವಾರ ಆರಕ್ಕೆ ತಿಥಿ ಇದೆ, ಸೋಮವಾರ ಆರಕ್ಕೆ ಇಲ್ಲ. ಆದುದರಿಂದ ಕೋಷ್ಟಕ ನೋಡಿದವರು ತಿಥಿ ಆದಿತ್ಯವಾರದ್ದೆಂದೂ ಶಾಸನ ಅಸಂಗತವೆಂದೂ ಬರೆಯುತ್ತಾರೆ. ಆದರೆ ಹಲಸೂರಿನಲ್ಲಿ ಸೂರ್ಯೋದಯ ಉಜ್ಜಯಿನಿಯ ಗಡಿಯಾರದಲ್ಲಿ 5:29ಕ್ಕೆ. ಆದಿತ್ಯವಾರ ಆ ಹೊತ್ತಿಗೆ ತಿಥಿ ಇನ್ನೂ ಹುಟ್ಟಿಲ್ಲ. ಸೋಮವಾರ ಆ ಹೊತ್ತಿಗೆ ಇನ್ನೂ ಮುಗಿದಿಲ್ಲ. ತಿಥಿ ಸೋಮವಾರದ್ದೇ. ಕಲ್ಲು ಕೆತ್ತಿದವನು ಸರಿ, ಕೋಷ್ಟಕ ಓದಿದವರು ತಪ್ಪು.

ಆದರೆ ಇದೇ ನಿದರ್ಶನದಲ್ಲಿ ತಿಥಿ ಮುಗಿಯುವುದು 5:40ಕ್ಕೆ ಬದಲಾಗಿ ನಸುಕಿನ ಮೂರು ಗಂಟೆಗೆ ಆಗಿದ್ದರೆ, ಸ್ಥಳೀಯ ಸೂರ್ಯೋದಯ ಎಂಬ ಮಾತು ಶಾಸನವನ್ನು ಉಳಿಸಲಾರದು. ಬೆಂಗಳೂರಿನಲ್ಲಿ ಯಾವ ಋತುವಿನಲ್ಲೂ ಸೂರ್ಯ ಅಷ್ಟು ಬೇಗ ಹುಟ್ಟುವುದಿಲ್ಲ. ತಿಥಿಯ ಸರಾಸರಿ ಅವಧಿಯೊಡನೆ ಹೋಲಿಸಿದರೆ ಅರ್ಧ ಗಂಟೆಯೆಂಬುದು ನೂರರಲ್ಲಿ ಎರಡು ಭಾಗ. ಒಂದು ದಿನದ ಅಂತರ ತೋರುವ ನೂರು ಶಾಸನಗಳಿದ್ದರೆ ಈ ಸಮಾಧಾನ ನಿಜವಾಗಿ ಸಲ್ಲುವುದು ಕೈಬೆರಳೆಣಿಕೆಯವಕ್ಕೆ ಮಾತ್ರವಾಗಿರಬೇಕು. ದಶಾಂಶದಲ್ಲಿ ತಿಥ್ಯಂತವನ್ನು ಕೊಡುವ ಕೋಷ್ಟಕದಲ್ಲಿ .02ಕ್ಕಿಂತ ಕಡಿಮೆಯೋ .98ಕ್ಕಿಂತ ಹೆಚ್ಚೋ ಬಂದಾಗ ದೇಶಾಂತರ-ಚರಗಳ ಲೆಕ್ಕಕ್ಕೆ ಇಳಿಯಬೇಕು; ಉಳಿದೆಡೆ ಆ ಮಾತನ್ನು ಎತ್ತುವುದರಿಂದ ಪ್ರಯೋಜನವಿಲ್ಲ.

ಉಳಿದ ಅಂತರಗಳಿಗೆ ಕಾರಣವನ್ನು ಬೇರೆಡೆ ಹುಡುಕಬೇಕು. ಮುಖ್ಯವಾದದ್ದು ಸಿದ್ಧಾಂತಭೇದ. ಸೂರ್ಯಸಿದ್ಧಾಂತದಿಂದ ಗಣಿಸಿದ ತಿಥ್ಯಂತಕ್ಕೂ ಇಂದಿನ ಖಗೋಳ ಗಣಿತದಿಂದ ಬರುವ ತಿಥ್ಯಂತಕ್ಕೂ ಕೆಲವೊಮ್ಮೆ ಹಲವು ಘಳಿಗೆಗಳ ವ್ಯತ್ಯಾಸವಿರುತ್ತದೆ. ಈಗ ಗಣಕಯಂತ್ರದ ತಂತ್ರಾಂಶಗಳು ಸೆಕೆಂಡಿನವರೆಗೆ ತಿಥಿ ಹೇಳುವುದರಿಂದ ಅವನ್ನೇ ಹದಿಮೂರನೆಯ ಶತಮಾನದ ಶಾಸನಕ್ಕೆ ಹಚ್ಚುವ ರೂಢಿ ಬೆಳೆಯುತ್ತಿದೆ. ಅದು ಸರಿಯಲ್ಲ. ಶಾಸನದ ಕಾಲದ ಪಂಚಾಂಗಕರ್ತ ಚಂದ್ರನನ್ನು ಇದ್ದಂತೆ ನೋಡಿ ತಿಥಿ ಬರೆಯಲಿಲ್ಲ, ಗ್ರಂಥದಂತೆ ಗಣಿಸಿ ಬರೆದ. ನಿಖರತೆ ಹೆಚ್ಚಿದಷ್ಟೂ ನಾವು ಅವನಿಂದ ದೂರ ಸರಿಯುತ್ತೇವೆ. ಇನ್ನೊಂದು ಕಾರಣವೂ ಉಂಟು. ಗ್ರಹಣ, ಸಂಕ್ರಮಣ, ವ್ಯತೀಪಾತಗಳ ಕಾಲದ ದಾನಗಳಲ್ಲಿ ಧಾರೆಯೆರೆದ ಹೊತ್ತಿನ ತಿಥಿಯನ್ನು ನಮೂದಿಸಿರಬಹುದು. ಅಲ್ಲಿ ಸೂರ್ಯೋದಯದ ನಿಯಮವೇ ಪ್ರಸ್ತುತವಲ್ಲ. ಕೆತ್ತನೆಯ ದೋಷ, ಓದಿನ ದೋಷಗಳು ಇದ್ದೇ ಇವೆ.

ಹೀಗಿರುವಲ್ಲಿ ಶಾಸನ ಸಂಪಾದಕರು ಟಿಪ್ಪಣಿಯಲ್ಲಿ ಸಮಾನವಾದ ಕ್ರಿಸ್ತಶಕ ತಾರೀಖನ್ನು ಮಾತ್ರ ಕೊಟ್ಟರೆ ಸಾಲದು. ತಿಥ್ಯಂತದ ಕಾಲ, ಅದು ಯಾವ ರೇಖೆಯ ಯಾವ ಸೂರ್ಯೋದಯದಿಂದ ಎಣಿಸಿದ್ದು, ಯಾವ ಸಿದ್ಧಾಂತ ಅಥವಾ ಕೋಷ್ಟಕ ಎಂಬ ಮೂರು ವಿವರಗಳನ್ನು ಒಂದು ಸಾಲಿನಲ್ಲಿ ಸೇರಿಸಿದರೆ ಮುಂದಿನವರು ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು. ಊರಿನ ಪಲಭೆಯನ್ನೂ ಕೊಟ್ಟರೆ ಮತ್ತೂ ಒಳ್ಳೆಯದು. ಬೆಂಗಳೂರು ಪೂರ್ವದ ಶಾಸನಗಳಿಗೆಲ್ಲ ಅದು ಎರಡು ಅಂಗುಲ ನಲವತ್ತಾರು ವ್ಯಂಗುಲ. ದೇಶಾಂತರ ಪೂರ್ವಕ್ಕೆ ಹದಿನೆಂಟೂವರೆ ವಿಘಳಿಗೆ.